ದಾರಿಯೇ ಇಲ್ಲದ ಮರುಭೂಮಿ ಬೆಟ್ಟ ಹತ್ತಿ ಇಳಿಯುವುದು ಹೇಗೆ: ಡೆತ್ ವ್ಯಾಲಿಯ ಪಿರಮಿಡ್ ಪೀಕ್, ಹಂತ ಹಂತವಾಗಿ

ನವೆಂಬರ್ ಕೊನೆಯ ವಾರದ ರಜೆ ಮುಗಿದ ಕೂಡಲೇ ನನ್ನ ಫೋನಿಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. "ಪಿರಮಿಡ್ ಪೀಕ್‌ಗೆ ಹೋಗಿದ್ವಿ, ಅರ್ಧಕ್ಕೇ ವಾಪಸ್." "ತುದಿ ಮುಟ್ಟಿದ್ವಿ, ಇಳಿಯುವಾಗ ಎಲ್ಲೋ ತಪ್ಪಿ ಕತ್ತಲಾಯ್ತು." ಇವರ್ಯಾರೂ ಸೋಮಾರಿಗಳಲ್ಲ. ಮ್ಯಾರಥಾನ್ ಓಡುವವರಿದ್ದಾರೆ, ಕುಮಾರಪರ್ವತವನ್ನು ನಾಲ್ಕು ಸಲ ಹತ್ತಿದವರಿದ್ದಾರೆ. ಎಲ್ಲರೂ ಎಡವುವುದು ಮಾತ್ರ ಅದೇ ಎರಡು ಮೂರು ಜಾಗಗಳಲ್ಲಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಬೆಟ್ಟದ ಲೆಕ್ಕ ಇಷ್ಟು. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚಿನಲ್ಲಿ ಫ್ಯೂನರಲ್ ಮೌಂಟನ್ಸ್ ಅನ್ನುವ ಸಾಲು ಇದೆ. ಅದರಲ್ಲಿ ಎಲ್ಲಕ್ಕಿಂತ ಎತ್ತರದ್ದು ಪಿರಮಿಡ್ ಪೀಕ್, 6,703 ಅಡಿ, ಅಂದರೆ 2,043 ಮೀಟರ್. ಅದರ ದಕ್ಷಿಣಕ್ಕೆ 190ನೇ ಹೆದ್ದಾರಿ ಸುಮಾರು 3,000 ಅಡಿ ಎತ್ತರದಲ್ಲಿ ಹಾದುಹೋಗುತ್ತದೆ. ಅಲ್ಲಿಂದ ಹತ್ತಬೇಕಾದದ್ದು ಸುಮಾರು 3,700 ಅಡಿ. ಹೋಗಿ ಬರಲು ಸುಮಾರು 11 ಮೈಲಿ, 18 ಕಿಲೋಮೀಟರ್. ಹಗ್ಗ ಬೇಡ, ಕೆಲವು ಕಡೆ ಕೈ ಊರಿದರೆ ಸಾಕು. ಕಾಲುದಾರಿ ಇಲ್ಲ, ಬೋರ್ಡ್ ಇಲ್ಲ, ನೀರಿಲ್ಲ, ನೆರಳಿಲ್ಲ, ಫೋನ್ ಸಿಗ್ನಲ್ ಇಲ್ಲ. ಕುಮಾರಪರ್ವತದಲ್ಲಾದರೆ ಮಧ್ಯದಲ್ಲಿ ಭಟ್ಟರ ಮನೆ ಸಿಗುತ್ತದೆ. ಇಲ್ಲಿ ಭಟ್ಟರೂ ಇಲ್ಲ, ಮನೆಯೂ ಇಲ್ಲ.

## ಹಂತ 1: ದಿನ ಆರಿಸಿ, ಆಮೇಲೆ ಗಡಿಯಾರದ ಲೆಕ್ಕ ಹಾಕಿ

ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಮಾತ್ರ. ಇದೇ ಕಣಿವೆಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. "ನಾವು ಹತ್ತುವುದು ಮೇಲಕ್ಕಲ್ವಾ, ಅಲ್ಲಿ ತಂಪಿರುತ್ತೆ" ಅಂತ ಏಪ್ರಿಲ್ ಕೊನೆಯಲ್ಲಿ ಹೋಗುವವರಿದ್ದಾರೆ. ಮೇಲೆ ತಂಪು ನಿಜ. ಆದರೆ ಮಧ್ಯಾಹ್ನ 3 ಗಂಟೆಗೆ, ನೀರು ಮುಗಿಯುತ್ತಾ ಬಂದಾಗ, ನೀವಿರುವುದು ಕೆಳಗಿನ ಬಯಲಲ್ಲಿ.

ಚಳಿಗಾಲದ ತೊಂದರೆ ಹಗಲಿನ ಉದ್ದ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 6:45ರ ಸುಮಾರಿಗೆ, ಮುಳುಗುವುದು ಸಂಜೆ 4:30ರ ಸುಮಾರಿಗೆ. ಈಗ ಲೆಕ್ಕ ಹಾಕೋಣ. ಒಂದು ಕಡೆಗೆ 9 ಕಿಲೋಮೀಟರ್. ಗಂಟೆಗೆ 5 ಕಿಲೋಮೀಟರಿನಂತೆ ಸುಮಾರು 1 ಗಂಟೆ 50 ನಿಮಿಷ. ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಸೇರಿಸಿ, ಇನ್ನೂ 1 ಗಂಟೆ 50 ನಿಮಿಷ. ಒಟ್ಟು ಮೂರೂಮುಕ್ಕಾಲು ಗಂಟೆ ಆಯಿತು. ಇದು ದಾರಿ ಇರುವ ಬೆಟ್ಟದ ಲೆಕ್ಕ. ದಾರಿ ಇಲ್ಲದಿದ್ದರೆ ಮೂರನೇ ಒಂದು ಭಾಗ ಜಾಸ್ತಿ ಇಟ್ಟುಕೊಳ್ಳಿ: ಐದು ಗಂಟೆ. ಕೂತು ತಿನ್ನಲು, ಮುಳ್ಳು ಕೀಳಲು ಇನ್ನೊಂದು ಗಂಟೆ.

ಇಳಿಯಲು ನಾಲ್ಕು ಗಂಟೆ ಬೇಕು ಅಂತಾದರೆ 12:30ಕ್ಕೆ ನೀವು ಎಲ್ಲಿದ್ದರೂ ತಿರುಗಬೇಕು. ತುದಿ ಕೈಗೆಟುಕುವಂತಿದ್ದರೂ ಸರಿ. ಈ ಸಮಯವನ್ನು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಂಡಿರಬೇಕು. ಬೆಟ್ಟದ ಮೇಲೆ ನಿಂತು ಚರ್ಚೆಗೆ ಇಳಿದರೆ "ಇನ್ನೊಂದು ಹದಿನೈದೇ ನಿಮಿಷ" ಅನ್ನುವವನೇ ಯಾವಾಗಲೂ ಗೆಲ್ಲುತ್ತಾನೆ.

## ಹಂತ 2: ಮನೆಯಲ್ಲೇ ನಕ್ಷೆಯ ಮೇಲೆ ಒಮ್ಮೆ ಹತ್ತಿ

ಯಾರೋ ಹೋಗಿ ಬಂದ ಜಿಪಿಎಸ್ ಗೆರೆಯನ್ನು ಡೌನ್‌ಲೋಡ್ ಮಾಡಿಕೊಂಡು ಅದರ ಹಿಂದೆ ಹೋಗುವುದು ಎಲ್ಲರೂ ಮಾಡುವ ಮೊದಲ ತಪ್ಪು. ಆ ಗೆರೆ ಹಾಕಿದವನು ಎಲ್ಲಿ ದಾರಿ ತಪ್ಪಿ ವಾಪಸ್ ಬಂದ ಅನ್ನುವುದೂ ಅದರಲ್ಲೇ ಸೇರಿರುತ್ತದೆ. ಗೆರೆ ಇರಲಿ, ಆದರೆ ಕ್ಯಾಲ್‌ಟೋಪೋ ಅಥವಾ ಗಾಯಾ ಥರದ ನಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಗೆರೆಯನ್ನು ನೀವೇ ಎಳೆಯಿರಿ. ಎಳೆದಾಗಲೇ ಬೆಟ್ಟ ತಲೆಯಲ್ಲಿ ಕೂರುವುದು. ನಕ್ಷೆಯನ್ನು ಫೋನಿಗೆ ಇಳಿಸಿ, ಏರ್‌ಪ್ಲೇನ್ ಮೋಡ್‌ನಲ್ಲಿ ತೆರೆದು ನೋಡಿ. ಒಂದು ಪ್ರತಿಯನ್ನು ಕಾಗದದಲ್ಲೂ ಪ್ರಿಂಟ್ ಹಾಕಿಸಿ.

ಗೆರೆ ಎಳೆಯುವಾಗ ನೋಡಬೇಕಾದದ್ದು ಎರಡು.

ಮೊದಲನೆಯದು, ಏಣು (ಬೆಟ್ಟದ ಬೆನ್ನಿನ ಮೇಲಿನ ಉದ್ದನೆಯ ದಿಣ್ಣೆ) ಮತ್ತು ಹಳ್ಳದ ಸ್ವಭಾವ. ಬೆಟ್ಟ ಹತ್ತುವಾಗ ಏಣುಗಳೆಲ್ಲ ಒಂದಕ್ಕೊಂದು ಕೂಡುತ್ತಾ ಹೋಗುತ್ತವೆ. ಯಾವ ಏಣು ಹಿಡಿದರೂ ಕೊನೆಗೆ ತುದಿಗೇ ಸೇರುತ್ತೀರಿ. ಇಳಿಯುವಾಗ ಅದೇ ಏಣು ಕವಲೊಡೆಯುತ್ತಾ ಹೋಗುತ್ತದೆ. ಹಳ್ಳ ಇದಕ್ಕೆ ಉಲ್ಟಾ: ಹತ್ತುವಾಗ ಕವಲು, ಇಳಿಯುವಾಗ ಕೂಡುವಿಕೆ. ಅಂದರೆ ಏಣಿನ ಮೇಲೆ ಹೋಗುವವರಿಗೆ ಹತ್ತುವಾಗ ತಪ್ಪುವುದು ಕಷ್ಟ, ಇಳಿಯುವಾಗ ತಪ್ಪುವುದು ಸುಲಭ. ನನಗೆ ಬರುವ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಈ ಒಂದು ಕಾರಣದಿಂದಲೇ. ನಿಮ್ಮ ಗೆರೆಯಲ್ಲಿ ಏಣು ಎಲ್ಲೆಲ್ಲಿ ಕವಲೊಡೆಯುತ್ತದೋ ಅಲ್ಲೆಲ್ಲ ಕೆಂಪು ಚುಕ್ಕೆ ಇಡಿ. ಮೂರೋ ನಾಲ್ಕೋ ಸಿಗುತ್ತವೆ.

ಎರಡನೆಯದು, ನಕ್ಷೆ ಹೇಳದೆ ಬಿಡುವುದು. 1:24,000 ಅಳತೆಯ ನಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಎತ್ತರದ ಗೆರೆಗಳ ನಡುವೆ 40 ಅಡಿ ಅಂತರ ಇರುತ್ತದೆ. ಆ ಎರಡು ಗೆರೆಗಳ ಮಧ್ಯೆ 30 ಅಡಿಯ ನೇರ ಗೋಡೆಯೊಂದು ಆರಾಮಾಗಿ ಅಡಗಿ ಕೂತಿರಬಹುದು. ಈ ಭಾಗದ ಹಳ್ಳಗಳಲ್ಲಿ ಅಂಥವು ಸಿಗುತ್ತವೆ: ನೀರಿಲ್ಲದ ಜಲಪಾತಗಳು. ಕೆಳಗಿನಿಂದ ಬಂದರೆ ಗೋಡೆ ಕಾಣುತ್ತದೆ, ತಿರುಗಿ ಹೋಗುತ್ತೀರಿ. ಮೇಲಿನಿಂದ ಬಂದರೆ ಅಂಚಿಗೆ ಬರುವವರೆಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಹತ್ತದೇ ಇದ್ದ ಹಳ್ಳದಲ್ಲಿ ಇಳಿಯಬೇಡಿ.

ದಿಕ್ಸೂಚಿ ಒಯ್ಯುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಅದನ್ನು ಮರೆತರೂ ನಡೆಯುತ್ತದೆ. ಡೆತ್ ವ್ಯಾಲಿಯಲ್ಲಿ ಮುಳ್ಳು ಸುಮಾರು 11 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಸರಿಪಡಿಸದೆ 5 ಕಿಲೋಮೀಟರ್ ನಡೆದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ.

## ಹಂತ 3: ಸಾಮಾನು

ನೀರು ಒಬ್ಬರಿಗೆ 4ರಿಂದ 5 ಲೀಟರ್ ಬೆನ್ನ ಮೇಲೆ. ಕಾರಿನಲ್ಲಿ ಬೇರೆ 10 ಲೀಟರ್. ಒಂದೇ ದೊಡ್ಡ ಚೀಲದಲ್ಲಿ ತುಂಬಬೇಡಿ. ಚೀಲಕ್ಕೆ ಮುಳ್ಳು ಚುಚ್ಚಿದರೆ ಇಡೀ ದಿನದ ನೀರು ಪ್ಯಾಂಟಿಗೆ ಇಳಿಯುತ್ತದೆ. ಎರಡು ಲೀಟರ್ ಆದರೂ ಗಟ್ಟಿ ಬಾಟಲಿಯಲ್ಲಿರಲಿ. ಜೊತೆಗೆ ಎರಡು ಓಆರ್‌ಎಸ್ ಪ್ಯಾಕೆಟ್. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಕಡಿಮೆಯಾಗಿ ತಲೆನೋವು, ವಾಂತಿ ಶುರುವಾಗಬಹುದು. ನೋಡಲು ಅದು ಬಿಸಿಲಿನ ಬಳಲಿಕೆಯ ಥರವೇ ಇರುತ್ತದೆ. ತಿನ್ನಲು ಉಪ್ಪು ಖಾರದ್ದು ಇಟ್ಟುಕೊಳ್ಳಿ. ಕೋಡುಬಳೆ, ಚಟ್ನಿಪುಡಿ ಸವರಿದ ಚಪಾತಿ ಚೆನ್ನಾಗಿ ಹೋಗುತ್ತವೆ. ಎನರ್ಜಿ ಬಾರ್ ಮಧ್ಯಾಹ್ನದ ಹೊತ್ತಿಗೆ ಗಂಟಲಲ್ಲಿ ಇಳಿಯುವುದಿಲ್ಲ, ಇದು ನನ್ನ ಗಂಟಲಿನ ಮಾತು.

ಶೂ ತಳ ಗಟ್ಟಿ ಇರಬೇಕು. ಈ ಸಾಲಿನ ಸುಣ್ಣಕಲ್ಲು ಮಳೆಗೆ ಕರಗಿ ಕರಗಿ ತುರಿಮಣೆಯ ಹಾಗಾಗಿದೆ. ಓಟದ ಶೂ ಒಂದೇ ದಿನಕ್ಕೆ ಹರಿಯುತ್ತದೆ, ಬರಿಗೈ ಊರಿದರೆ ಅಂಗೈಯೂ ಅಷ್ಟೆ. ತೋಟದ ಕೆಲಸಕ್ಕೆ ಹಾಕುವ ದಪ್ಪ ಕೈಗವಸು ತನ್ನಿ, ಪೂರ್ತಿ ಕಾಲು ಮುಚ್ಚುವ ಪ್ಯಾಂಟ್ ಹಾಕಿ.

ಒಂದು ಬಾಚಣಿಗೆ ತನ್ನಿ. ತಮಾಷೆಯಲ್ಲ. ಚೋಯಾ ಅನ್ನುವ ಕಳ್ಳಿಯ ತುಂಡು ಸ್ವಲ್ಪ ತಗುಲಿದರೂ ಗಿಡದಿಂದ ಕಳಚಿ ಕಾಲಿಗೆ ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೆ ಅಂಟುತ್ತದೆ. ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ, ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು, ಒಂದೇ ಸಲ ಆಚೆಗೆ ಹಾರಿಸಿ. ಉಳಿದ ಮುಳ್ಳುಗಳಿಗೆ ಚಿಮುಟ.

ಇನ್ನು ಹೆಡ್‌ಲ್ಯಾಂಪ್ ಪ್ರತಿಯೊಬ್ಬರಿಗೂ ಒಂದು, ಗಾಳಿ ತಡೆಯುವ ಜಾಕೆಟ್, ಟೋಪಿ, ಪವರ್ ಬ್ಯಾಂಕ್. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಒಂದು ಸಾಧನ ಗುಂಪಿನಲ್ಲಿ ಇರಲೇಬೇಕು, ಇನ್‌ರೀಚ್ ಥರದ್ದು. ಐಫೋನ್ 14 ಮತ್ತು ಅದರ ನಂತರದವುಗಳಲ್ಲೂ ಉಪಗ್ರಹ ಎಸ್‌ಓಎಸ್ ಇದೆ, ಆದರೆ ಆ ಫೋನಿನಲ್ಲೇ ನಕ್ಷೆ, ಅದರಲ್ಲೇ ಫೋಟೊ ಅಂದರೆ ಬೇಕಾದಾಗ ಚಾರ್ಜ್ ಇರುವುದಿಲ್ಲ.

## ಹಂತ 4: ಚೀಟಿ ಬಿಟ್ಟು ಹೊರಡಿ

ಯಾವ ಬೆಟ್ಟ, ಯಾವ ಕಡೆಯಿಂದ, ಕಾರಿನ ಬಣ್ಣ ಮತ್ತು ನಂಬರ್, ಯಾರ್ಯಾರು, ಎಷ್ಟು ಗಂಟೆಗೆ ಫೋನ್ ಮಾಡುತ್ತೇವೆ, ಮಾಡದಿದ್ದರೆ ಎಷ್ಟು ಗಂಟೆಗೆ ಪೊಲೀಸರಿಗೆ ಹೇಳಬೇಕು. ಇಷ್ಟನ್ನು ಬರೆದು ಅಮೆರಿಕದಲ್ಲೇ ಇರುವ ಒಬ್ಬರಿಗೆ ಕಳಿಸಿ. ಊರಲ್ಲಿರುವ ಅಮ್ಮನಿಗೆ ಹೇಳಿದರೆ ಪ್ರಯೋಜನವಿಲ್ಲ. ಇಲ್ಲಿ ಸಂಜೆ 5 ಆದಾಗ ಅಲ್ಲಿ ಮರುದಿನ ಬೆಳಗ್ಗೆ 6:30, ಮತ್ತು ಅಲ್ಲಿಂದ ಅಮೆರಿಕದ ತುರ್ತು ನಂಬರ್ 911 ಒತ್ತಿದರೆ ಇಲ್ಲಿಗೆ ಬರುವುದಿಲ್ಲ. ಸ್ಯಾನ್ ಹೋಸೆಯಿಂದ 911 ಒತ್ತಿದರೂ ಮೊದಲು ಎತ್ತುವುದು ಸ್ಯಾನ್ ಹೋಸೆಯವರೇ. ಈ ಬೆಟ್ಟ ಇನ್ಯೋ ಕೌಂಟಿಗೆ ಸೇರಿದ್ದು. ಆ ಕೌಂಟಿಯ ಶೆರಿಫ್ ಕಚೇರಿಯ (ಅಲ್ಲಿನ ಪೊಲೀಸರ) ನಂಬರನ್ನೇ ಚೀಟಿಯಲ್ಲಿ ಬರೆದಿಡಿ.

ಲಾಸ್ ವೇಗಸ್ ಕಡೆಯಿಂದ ಬರುವವರು ದಾರಿಯಲ್ಲಿ ಸಿಗುವ ಪಾರಂಪ್ ಊರಿನಲ್ಲಿ ಪೆಟ್ರೋಲ್, ನೀರು ಎರಡನ್ನೂ ತುಂಬಿಸಿಕೊಳ್ಳಿ. ಡೆತ್ ವ್ಯಾಲಿ ಜಂಕ್ಷನ್ ಅಂತ ದೊಡ್ಡ ಹೆಸರು ನೋಡಿ ಅಲ್ಲಿ ಬಂಕ್ ಇರುತ್ತದೆ ಅಂದುಕೊಳ್ಳಬೇಡಿ. ಹಗಲಿನ ಚಾರಣಕ್ಕೆ ಬೇರೆ ಪರ್ಮಿಟ್ ಬೇಕಿಲ್ಲ, ಉದ್ಯಾನದ ಪ್ರವೇಶ ಶುಲ್ಕ ಕಟ್ಟಿದರೆ ಸಾಕು.

## ಹಂತ 5: ಕಾರು ಬಿಡುವ ಮುಂಚೆ ಹತ್ತು ನಿಮಿಷ

ಟಾರ್ ರಸ್ತೆಯ ಪಕ್ಕ ಅಗಲವಾದ ಜಾಗ ನೋಡಿ ನಿಲ್ಲಿಸಿ. ಮರಳಿಗೆ ಇಳಿಸಬೇಡಿ. ಕಾರಿನ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿ. ರಸ್ತೆ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ಬೆಟ್ಟದ ಕಡೆ ಬೆನ್ನು ಹಾಕಿ, ಎದುರಿಗೆ ಯಾವ ಗುಡ್ಡ ಕಾಣುತ್ತದೆ ಅನ್ನುವುದರ ಫೋಟೊ ತೆಗೆಯಿರಿ. ಸಂಜೆ ನೀವು ಇಳಿದು ಬರುವಾಗ ಮುಖ ಇರುವುದು ಆ ಕಡೆಗೇ. ಹೋಗುವ ಕೋನ, ವಾಪಸ್ ಬರುವ ಕೋನ (ಅದಕ್ಕೆ 180 ಸೇರಿಸಿದ್ದು ಅಥವಾ ಕಳೆದದ್ದು) ಎರಡನ್ನೂ ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ನಾನು ಹಾಗೇ ಮಾಡುತ್ತೇನೆ. ದಣಿದ ತಲೆ ಕೂಡಿ ಕಳೆಯುವಾಗ ತಪ್ಪುತ್ತದೆ.

## ಹಂತ 6: ಬೀಸಣಿಗೆ ಬಯಲು

ರಸ್ತೆಯಿಂದ ಬೆಟ್ಟದ ಬುಡದವರೆಗೆ ಇರುವುದು ಕಲ್ಲು ಜಲ್ಲಿಯ ಇಳಿಜಾರು. ಸಾವಿರಾರು ವರ್ಷ ಮಳೆ ನೀರು ಬೆಟ್ಟದಿಂದ ಹೊತ್ತು ತಂದು ಬೀಸಣಿಗೆಯ ಆಕಾರದಲ್ಲಿ ಹರಡಿದ್ದು. ಇಲ್ಲಿನವರು ಇದಕ್ಕೆ ಫ್ಯಾನ್ ಅನ್ನುತ್ತಾರೆ. ಅರ್ಧಕ್ಕೇ ವಾಪಸ್ ಬಂದವರೆಲ್ಲ ಸೋತದ್ದು ಇಲ್ಲಿ. ನೋಡಲು ಸಪಾಟು, ನಡೆದರೆ ಏರು. ಗಾಳಿ ಒಣಗಿ ತಿಳಿಯಾಗಿರುವುದರಿಂದ ಬೆಟ್ಟ "ಅಗೋ ಅಲ್ಲೇ" ಅನ್ನಿಸುತ್ತದೆ. ಆ ಅಗೋ ಎರಡು ಗಂಟೆ ದೂರ.

ಕಾಲ ಕೆಳಗೆ ನೋಡಿ ನಡೆಯುವುದನ್ನು ಕಲಿತರೆ ಅರ್ಧ ಶ್ರಮ ಉಳಿಯುತ್ತದೆ. ಫ್ಯಾನ್‌ನಲ್ಲಿ ಎರಡು ಬಣ್ಣ ಇರುತ್ತವೆ. ತಿಳಿ ಬೂದು ಬಣ್ಣದ್ದು ಇತ್ತೀಚಿನ ಪ್ರವಾಹ ತಂದ ಜಲ್ಲಿ. ಸಡಿಲ, ಪ್ರತಿ ಹೆಜ್ಜೆಗೂ ಕಾಲು ಹಿಂದಕ್ಕೆ ಜಾರುತ್ತದೆ. ಕಪ್ಪು ಕಂದು ಬಣ್ಣದ್ದು ಬಹಳ ಹಳೆಯ ಮೇಲ್ಮೈ. ಅಲ್ಲಿ ಚಿಕ್ಕ ಚಿಕ್ಕ ಚಪ್ಪಟೆ ಕಲ್ಲುಗಳು ಯಾರೋ ಕೂತು ಜೋಡಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮೇಲೆ ಮೆರುಗೆಣ್ಣೆ ಬಳಿದಂಥ ಹೊಳಪು. ಅದರ ಮೇಲೆ ನಡೆದರೆ ಅಂಗಳದಲ್ಲಿ ನಡೆದಂತೆ. ಕಪ್ಪು ಪಟ್ಟಿಯೊಂದನ್ನು ಹಿಡಿದು, ಅದು ಮುಗಿಯುವವರೆಗೆ ಹೋಗಿ, ಇನ್ನೊಂದಕ್ಕೆ ದಾಟಿ. ಆ ಕಲ್ಲುಹಾಸನ್ನು ಕಾಲಿನಿಂದ ಕೆದಕಬೇಡಿ, ಒಮ್ಮೆ ಕದಲಿದರೆ ನಮ್ಮ ಜೀವಮಾನದಲ್ಲಿ ಮತ್ತೆ ಕೂಡುವುದಿಲ್ಲ.

ಫ್ಯಾನ್ ತುಂಬ ಕೊರಕಲುಗಳು. ತುದಿಯನ್ನು ನೇರ ಗುರಿಯಿಟ್ಟು ಹೋದರೆ ಒಂದೊಂದನ್ನೂ ಇಳಿದು ಹತ್ತಬೇಕು. ಅವುಗಳ ನಡುವಿನ ದಿಣ್ಣೆಯ ಮೇಲೇ ಹೋಗಿ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ಆಕಾಶದಲ್ಲಿ ದಟ್ಟ ಮೋಡ ಇದ್ದರೆ, ದೂರದಲ್ಲಿ ಮಳೆ ಕಂಡರೂ ಸರಿ, ಕೊರಕಲಿನೊಳಗೆ ಕೂತು ವಿಶ್ರಮಿಸಬೇಡಿ.

ಪ್ರತಿ ಅರ್ಧ ಗಂಟೆಗೆ ನಿಂತು ಹಿಂದೆ ತಿರುಗಿ ನೋಡಿ. ಮೊದಲ ಸಲ ಕಾರು ಕಾರಿನ ಹಾಗೇ ಕಾಣುತ್ತದೆ. ಎರಡನೇ ಸಲ ಅಕ್ಕಿಕಾಳು. ಮೂರನೇ ಸಲ ಕಾಣುವುದಿಲ್ಲ.

## ಹಂತ 7: ಏಣಿನ ಮೇಲೆ

ಬುಡ ತಲುಪಿದ ಮೇಲೆ ನೀವು ಗುರುತು ಹಾಕಿದ ಏಣು ಇದೇನಾ ಅಂತ ನಕ್ಷೆ ನೋಡಿ ಖಚಿತ ಮಾಡಿಕೊಂಡೇ ಹತ್ತಿ. ಹತ್ತಿದ ಮೇಲೆ ನೆತ್ತಿ ಬಿಡಬೇಡಿ. ಮುಂದೆ ಒಂದು ಬಂಡೆ ಅಡ್ಡ ಬಂದಾಗ "ಪಕ್ಕದಿಂದ ಸುತ್ತಿ ಹೋಗೋಣ" ಅನ್ನಿಸುತ್ತದೆ. ಪಕ್ಕದ ಇಳಿಜಾರಿನಲ್ಲಿ ಜಾರುಗಲ್ಲು ತುಂಬಿರುತ್ತದೆ, ಒಂದು ಹಿಮ್ಮಡಿ ಮೇಲೆ ಒಂದು ಕೆಳಗೆ ಇಟ್ಟು ನೂರು ಮೀಟರ್ ಹೋಗುವುದರೊಳಗೆ ಪಾದದ ಗಂಟು ಸೋಲುತ್ತದೆ. ಬಂಡೆಯನ್ನು ಹತ್ತಿ ದಾಟುವುದೇ ಸಾಮಾನ್ಯವಾಗಿ ಸುಲಭ. ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಳಗೆ ನೋಡಿದರೆ ಎದೆ ಝಲ್ ಅನ್ನುವಂಥ ಜಾಗ ಬಂತು ಅಂದರೆ ನೀವು ದಾರಿ ತಪ್ಪಿದ್ದೀರಿ. ಈ ಬೆಟ್ಟ ಅಷ್ಟು ಕೇಳುವುದಿಲ್ಲ.

ಒಬ್ಬರ ಹಿಂದೆ ಒಬ್ಬರು ಹೋಗುವಾಗ ಕಲ್ಲು ಉರುಳುತ್ತದೆ. ಹತ್ತಿರ ಹತ್ತಿರ ಇರಿ, ಇಲ್ಲವೇ ಅಕ್ಕಪಕ್ಕ ಇರಿ. ಕೈ ಇಡುವ ಸಂದಿಯನ್ನು ಮೊದಲು ಕಣ್ಣಿನಿಂದ ನೋಡಿ. ಚಳಿಗಾಲದಲ್ಲಿ ಹಾವು ಅಪರೂಪ, ಆದರೆ ಬಿಸಿಲು ಚೆನ್ನಾಗಿದ್ದ ದಿನ ಹೊರಗೆ ಬರುತ್ತದೆ. ಹಳೆಯ ಗಣಿಯ ಬಾಯಿ ಕಂಡರೆ ಹೊರಗಿನಿಂದಲೇ ನೋಡಿ ಮುಂದೆ ನಡೆಯಿರಿ.

ಈ ಹಂತದಲ್ಲಿ ಮರೆಯಲೇಬಾರದ ಕೆಲಸ: ಕೆಂಪು ಚುಕ್ಕೆ ಇಟ್ಟ ಪ್ರತಿ ಕವಲಿನಲ್ಲೂ ನಿಂತು, ಪೂರ್ತಿ ತಿರುಗಿ, ಬಂದ ದಾರಿಯ ಫೋಟೊ ತೆಗೆಯಿರಿ. ಎರಡು ಏಣುಗಳಲ್ಲಿ ನಾವು ಬಂದದ್ದು ಎಡಗಡೆಯದಾ ಬಲಗಡೆಯದಾ ಅಂತ ಜೋರಾಗಿ ಹೇಳಿ, ಎಲ್ಲರ ಕಿವಿಗೆ ಬೀಳಲಿ. ಕಲ್ಲುಗುಪ್ಪೆ ಕಟ್ಟಬೇಡಿ. ನೀವು ಕಟ್ಟಿದ ತಪ್ಪು ಗುಪ್ಪೆಯನ್ನು ನಂಬಿ ಮುಂದಿನವರು ಹೋಗುತ್ತಾರೆ.

## ಹಂತ 8: ತುದಿ

ಇದೇ ತುದಿ ಅಂದುಕೊಂಡದ್ದು ಒಮ್ಮೆಯಾದರೂ ಸುಳ್ಳಾಗುತ್ತದೆ. ನಿಜವಾದದ್ದರ ಮೇಲೆ ಅರ್ಧ ಗಂಟೆ ಸಾಕು. ಜಾಕೆಟ್ ಹಾಕಿ, ತಿನ್ನಿ, ನೀರು ಎಷ್ಟು ಉಳಿದಿದೆ ಅಳೆಯಿರಿ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಸರಿ, ಒಂದು ಲೀಟರಿಗೂ ಕಡಿಮೆ ಇದ್ದರೆ ಮುಂದಿನ ಸಲ ಜಾಸ್ತಿ ಹೊರಬೇಕು ಅಂತ ಅರ್ಥ.

## ಹಂತ 9: ಇಳಿಯುವುದು

ನನ್ನದೇ ಕಥೆ ಹೇಳುತ್ತೇನೆ. ಮೊದಲ ಸಲ ತುದಿಯಿಂದ ಇಳಿಯುವಾಗ ಮಾತಾಡುತ್ತಾ ಬರುತ್ತಿದ್ದೆವು. ಒಂದು ಕವಲಿನಲ್ಲಿ ಬಲಗಡೆಯ ಏಣು ಅಗಲವಾಗಿ, ರಸ್ತೆಯ ಕಡೆಗೇ ಹೋಗುವ ಹಾಗೆ ಕಂಡಿತು. ನಲವತ್ತು ನಿಮಿಷ ಆರಾಮಾಗಿ ಇಳಿದೆವು. ಅನುಮಾನ ಬಂದದ್ದು ಕಲ್ಲಿನ ಬಣ್ಣ ನೋಡಿ. ಹತ್ತುವಾಗ ಕಾಲ ಕೆಳಗಿದ್ದದ್ದು ಬೂದು ಪಟ್ಟೆಯ ಕಲ್ಲು, ಈಗ ಕಂದು. ಗೆಳೆಯ "ಏನೂ ಆಗಲ್ಲ, ಕೆಳಗೆ ಹಳ್ಳಕ್ಕೆ ಇಳಿದುಬಿಡೋಣ" ಅಂದ. ಇಳಿದೆವು. ಹಳ್ಳ ಒಂದು ತಿರುವು ತೆಗೆದುಕೊಂಡಿತು, ಆಮೇಲೆ ಕಾಲ ಮುಂದೆ ನೆಲವೇ ಇಲ್ಲ. ಮೂರಾಳು ಎತ್ತರದ ನುಣುಪು ಗೋಡೆ. ವಾಪಸ್ ಕವಲಿನವರೆಗೆ ಹತ್ತಲು ಒಂದು ಗಂಟೆ ಇಪ್ಪತ್ತು ನಿಮಿಷ. ಕಾರು ಸೇರಿದಾಗ ರಾತ್ರಿ ಏಳೂವರೆ, ಇಬ್ಬರಿಗೆ ಒಂದೇ ಹೆಡ್‌ಲ್ಯಾಂಪ್.

ಆದ್ದರಿಂದ ಇಳಿಯುವಾಗ ಕ್ರಮ ಹೀಗಿರಲಿ. ಮುಂದೆ ನಡೆಯುವವರು ಒಬ್ಬರು, ನಕ್ಷೆ ಹಿಡಿಯುವವರು ಇನ್ನೊಬ್ಬರು. ಪ್ರತಿ ಕೆಂಪು ಚುಕ್ಕೆಗೂ ಮುಂಚೆಯೇ ನಿಲ್ಲಬೇಕು, ದಾಟಿದ ಮೇಲಲ್ಲ. ಬೆಳಗಿನ ಫೋಟೊ ತೆರೆದು, ಎದುರಿನ ನೋಟಕ್ಕೆ ಹೊಂದುತ್ತದಾ ನೋಡಬೇಕು. ಹೊಂದದಿದ್ದರೆ ಒಂದು ಹೆಜ್ಜೆಯೂ ಇಳಿಯಬಾರದು. ಹತ್ತುವಾಗ ನೋಡಿದ ನೆನಪಿಲ್ಲದ ಯಾವುದೇ ಬಂಡೆ, ಗಿಡ, ಬಣ್ಣ ಕಂಡರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಗುಂಪಿನಲ್ಲಿ ಒಬ್ಬರಿಗೆ ಅನುಮಾನ ಬಂದಿರುತ್ತದೆ, ಸಂಕೋಚಕ್ಕೆ ಸುಮ್ನಿರುತ್ತಾರೆ.

ಫ್ಯಾನ್‌ಗೆ ಇಳಿದ ಮೇಲೆ ಒಂದು ಉಪಾಯ. ಕಾರಿಗೆ ನೇರವಾಗಿ ಗುರಿ ಇಡಬೇಡಿ. ಅಷ್ಟು ದೂರದಿಂದ ಗುರಿ ತಪ್ಪುವುದು ಖಂಡಿತ, ರಸ್ತೆ ಸೇರಿದಾಗ ಕಾರು ಎಡಕ್ಕಾ ಬಲಕ್ಕಾ ಗೊತ್ತಾಗುವುದಿಲ್ಲ. ಬೇಕಂತಲೇ ಒಂದು ಪಕ್ಕಕ್ಕೆ, ಐದಾರು ಡಿಗ್ರಿ ಪೂರ್ವಕ್ಕೆ ಅಂದುಕೊಳ್ಳಿ, ವಾಲಿ ನಡೆಯಿರಿ. ಆಗ ರಸ್ತೆ ಸಿಕ್ಕ ಕೂಡಲೇ ಪಶ್ಚಿಮಕ್ಕೆ ತಿರುಗಿದರಾಯಿತು. ಜಿಪಿಎಸ್ ಸತ್ತರೂ, ಕತ್ತಲಾದರೂ ಇದು ಕೆಲಸ ಮಾಡುತ್ತದೆ.

## ಎಚ್ಚರಿಕೆಯ ಗುರುತುಗಳು

ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ, ಮೈ ಒದ್ದೆ ಆಗುವುದೇ ಇಲ್ಲ. ಅದಕ್ಕೇ "ನನಗೆ ಬೆವರೇ ಬರ್ತಿಲ್ಲ" ಅನ್ನುತ್ತಾ ನೀರು ಕುಡಿಯದೆ ಹೋಗುತ್ತಾರೆ. ಅಂಗಿಯ ಮೇಲೆ, ಬ್ಯಾಗಿನ ಪಟ್ಟಿಯ ಹತ್ತಿರ ಬಿಳಿ ಉಪ್ಪಿನ ಗೆರೆ ನೋಡಿ. ಮೂತ್ರ ಗಾಢ ಹಳದಿಯಾದರೆ, ಅಥವಾ ನಾಲ್ಕು ಗಂಟೆಯಿಂದ ಹೋಗೇ ಇಲ್ಲ ಅಂದರೆ ನಿಂತು ಕುಡಿಯಿರಿ.

ತಲೆನೋವು, ಹೊಟ್ಟೆ ತೊಳಸುವುದು, ಬಿಸಿಲಲ್ಲೂ ಮೈ ಜುಮ್ಮೆಂದು ಚಳಿ ಬಂದಂತಾಗುವುದು: ಬಂಡೆಯ ನೆರಳಿಗೆ ಹೋಗಿ ಕೂರಿಸಿ, ಓಆರ್‌ಎಸ್ ಕೊಡಿ, ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ತಕ್ಷಣ ಎಸ್‌ಓಎಸ್ ಒತ್ತಿ. ನೀರು ಚಿಮುಕಿಸಿ ಗಾಳಿ ಬೀಸಿ ಮೈ ತಣಿಸುತ್ತಾ ಇರಿ. ಆ ಸ್ಥಿತಿಯಲ್ಲಿರುವವರನ್ನು ನಡೆಸಬೇಡಿ.

## ತಪ್ಪಿಹೋದರೆ

ಕೂತುಬಿಡಿ. ಹತ್ತು ನಿಮಿಷ ಏನೂ ಮಾಡಬೇಡಿ, ಏನಾದರೂ ತಿನ್ನಿ. ಆಮೇಲೆ ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ, ಹತ್ತಬೇಕಾಗಿ ಬಂದರೂ, ವಾಪಸ್ ಹೋಗಿ. ಕತ್ತಲಾಗಿ, ಏಣಿನ ಮೇಲೇ ಇದ್ದು, ದಾರಿ ಗೊತ್ತಿಲ್ಲದಿದ್ದರೆ ಅಲ್ಲೇ ಗಾಳಿ ತಗುಲದ ಜಾಗ ನೋಡಿ ಬೆಳಗಿನವರೆಗೆ ಇರಿ. ಚಳಿ ಜೋರಿರುತ್ತದೆ, ನಿದ್ದೆ ಬರುವುದಿಲ್ಲ. ಮನೆಯವರಿಗೆ ಉಪಗ್ರಹದಿಂದ ಒಂದು ಮೆಸೇಜ್ ಹಾಕಿ. ಆಳವಾದ ಹಳ್ಳದಲ್ಲಿ ಆಕಾಶ ಕಿರಿದು, ಅಲ್ಲಿಂದ ಮೆಸೇಜ್ ಹೋಗದಿದ್ದರೆ ಮೇಲಕ್ಕೆ ಬಂದು ಪ್ರಯತ್ನಿಸಿ.

## ಕಾರಿನ ಹತ್ತಿರ

ಶೂ ಬಿಚ್ಚಿ ಕೊಡವಿ, ಸಾಕ್ಸ್ ಬದಲಿಸಿ, ಇಟ್ಟಿದ್ದ ನೀರಿನಲ್ಲಿ ಅರ್ಧ ಲೀಟರ್ ಕುಡಿದು, ಇಪ್ಪತ್ತು ನಿಮಿಷ ಸೀಟು ಒರಗಿಸಿ ಮಲಗಿ. ಆ ಖಾಲಿ ರಸ್ತೆಯಲ್ಲಿ ಸಂಜೆ ಹೊತ್ತು ತೂಕಡಿಕೆ ಬಂದೇ ಬರುತ್ತದೆ, ಜೊತೆಗೆ ನರಿಯಂಥ ಕಯೋಟಿಗಳು ಅಡ್ಡ ಬರುತ್ತವೆ. ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲಿ ಕಾರು ನಿಲ್ಲಿಸಿ, ಚೀಟಿ ಇಟ್ಟುಕೊಂಡವರಿಗೆ ಫೋನ್ ಮಾಡಿ. ಫೋಟೊ ಹಾಕುವುದು ಅದಾದ ಮೇಲೆ. ಒಮ್ಮೆ ನಾನು ಉಲ್ಟಾ ಮಾಡಿದ್ದೆ, ಅತ್ತಿಗೆ ಅಷ್ಟರಲ್ಲಿ ಶೆರಿಫ್ ಕಚೇರಿಗೆ ಫೋನ್ ಮಾಡಿ ಆಗಿತ್ತು.